ತಪ್ಪು ಪಟ್ಟಿ ಮಾಡುವ ಬದಲು ಪ್ರಶ್ನೆ ಕೇಳಿದಾಗ: ಅಭ್ಯಾಸ ಬೋಧನೆಯಲ್ಲಿ ಕೋಚಿಂಗ್

ಪೀಠಿಕೆ

ನಮ್ಮ ಕಡೆ ‘ಕೋಚಿಂಗ್’ ಎಂದರೆ ಟ್ಯೂಷನ್ ಇಲ್ಲವೇ ಸಿಇಟಿ ತರಗತಿ. ಕೆಲಸದ ಸ್ಥಳದಲ್ಲಿ ಈ ಪದದ ಅರ್ಥ ಬೇರೆ. ಅನುಭವಿಯೊಬ್ಬರು ಉತ್ತರ ಹೇಳಿಕೊಡದೆ, ಪ್ರಶ್ನೆಗಳ ಮೂಲಕ ಕೆಲಸಗಾರರೇ ದಾರಿ ಕಂಡುಕೊಳ್ಳುವಂತೆ ಮಾಡುವುದೇ ಕೋಚಿಂಗ್. ನೌಕರರು ಕೆಲಸದಲ್ಲಿ ಮನಸ್ಸಿಟ್ಟು ತೊಡಗಲು ಕಂಪನಿಗಳು ಇದನ್ನು ಬಳಸುತ್ತವೆ. ಶಾಲೆಯೂ ಕೆಲಸದ ಸ್ಥಳವೇ, ಪ್ರಶಿಕ್ಷಣಾರ್ಥಿ ಅಲ್ಲಿನ ಹೊಸ ಕೆಲಸಗಾರ. ಕೋರಮಂಡಲ್ ಭಾಗದ ಒಂದು ಪ್ರೌಢಶಾಲೆಯಲ್ಲಿ ನನಗಾದ ಅನುಭವವನ್ನು ಇಲ್ಲಿ ದಾಖಲಿಸಿದ್ದೇನೆ.

ಸಮಸ್ಯೆ

8ನೇ ತರಗತಿಗೆ ‘ಬಲ ಮತ್ತು ಒತ್ತಡ’ ಘಟಕ ಬೋಧಿಸಿದೆ. ಉತ್ತರಿಸಿದವರು ಮುಂದಿನ ಬೆಂಚಿನ ನಾಲ್ಕೇ ಮಕ್ಕಳು. ಅವಲೋಕನ ಪಟ್ಟಿಯಲ್ಲಿ ಬಂದ ಹಿಮ್ಮಾಹಿತಿ: ಧ್ವನಿ ಸಾಲದು, ಕಪ್ಪುಹಲಗೆ ಬಳಕೆ ಸಾಲದು, ತರಗತಿ ನಿಯಂತ್ರಣ ಸಾಲದು. ಎಲ್ಲವೂ ನಿಜ. ಆದರೆ ನಾಳೆ ಏನು ಮಾಡಬೇಕೆಂಬುದು ಅದರಲ್ಲಿರಲಿಲ್ಲ. ಬಿ.ಎಸ್ಸಿ. ಗೆಳತಿಯರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದರು. ನಾನೂ ಬಿ.ಇಡಿ. ಬಿಟ್ಟು ಹೋಗಲೇ ಎಂದು ಆ ವಾರ ನಿಜವಾಗಿ ಯೋಚಿಸಿದೆ.

ಅನುಸರಿಸಿದ ಕ್ರಮ

ಮಾರ್ಗದರ್ಶಿ ಶಿಕ್ಷಕಿ ಪಾಠದ ನಂತರ ಹತ್ತು ನಿಮಿಷ ಕೂರಿಸಿಕೊಂಡು ಮಾತನಾಡತೊಡಗಿದರು. ಅವರ ಪ್ರಶ್ನೆಗಳ ಕ್ರಮ ಜಾನ್ ವಿಟ್ಮೋರ್ 1992ರ ತಮ್ಮ ಪುಸ್ತಕದಿಂದ ಪ್ರಚಾರಕ್ಕೆ ತಂದ ‘ಗ್ರೋ’ ಮಾದರಿಯದೇ ಎಂಬುದು ನನಗೆ ತಿಳಿದದ್ದು ನಂತರ.

1. ಗುರಿ: “ನಾಳೆ ಒಂದೇ ಒಂದು ಬದಲಾಗಬೇಕು ಅಂದ್ರೆ ಯಾವುದಮ್ಮಾ?” “ಹಿಂದಿನ ಬೆಂಚಿನವರು ಮಾತಾಡಬೇಕು, ಮೇಡಂ.”
2. ವಾಸ್ತವ: “ಅವರಿಗೆ ಗೊತ್ತಿಲ್ವೋ, ಹೇಳೋಕೆ ಆಗ್ತಿಲ್ವೋ?” ಆಗ ಹೊಳೆಯಿತು, ಹಲವರ ಮನೆಮಾತು ತಮಿಳು, ತೆಲುಗು.
3. ಆಯ್ಕೆಗಳು: “ಏನೇನು ಮಾಡಬಹುದು? ಮೂರು ಹೇಳು.”
4. ಸಂಕಲ್ಪ: “ಅದರಲ್ಲಿ ಯಾವುದನ್ನ ಮಾಡ್ತೀಯ? ನಾನು ಏನು ಗಮನಿಸಲಿ?”

ಮರುದಿನ ಗಾಜಿನ ನಳಿಕೆಯ ತುದಿಗೆ ಬಲೂನು ಕಟ್ಟಿ, ಸ್ವಲ್ಪ ಸ್ವಲ್ಪವೇ ನೀರು ಸುರಿದೆ. ನೀರಿನ ಎತ್ತರ ಹೆಚ್ಚಿದಂತೆ ಬಲೂನು ಉಬ್ಬಿತು. “ಮೊದಲು ನಿಮ್ಮ ಮನೆ ಮಾತಲ್ಲೇ ಪಕ್ಕದವರಿಗೆ ಹೇಳಿ, ಆಮೇಲೆ ಕನ್ನಡದಲ್ಲಿ ಬರೆಯಿರಿ” ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಗಣಿಯಲ್ಲಿ ನೀರು ತುಂಬಿದೆಯಲ್ಲ, ಕೆಳಗೆ ಎಷ್ಟು ಒತ್ತಡ ಇರುತ್ತೆ?” ಎಂದು ಕೇಳಿದ. 2001ರಲ್ಲಿ ಮುಚ್ಚಿದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಪ್ರತಿ 10 ಮೀಟರ್ ನೀರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಹಾಗಾದರೆ 100 ಮೀಟರಿಗೆ? ಇಡೀ ತರಗತಿ ಲೆಕ್ಕಕ್ಕೆ ಕುಳಿತಿತು.

ಕಂಡುಕೊಂಡದ್ದು

ನನ್ನ ಧ್ವನಿ ಒಂದೇ ದಿನದಲ್ಲಿ ಸುಧಾರಿಸಲಿಲ್ಲ, ಕಪ್ಪುಹಲಗೆಯ ಬರಹವೂ ಅಷ್ಟೆ. ಆದರೆ ಮುಂದಿನ ಪಾಠಯೋಜನೆಯನ್ನು ಯಾರೂ ಹೇಳದೆ ಆ ರಾತ್ರಿಯೇ ಬರೆದೆ. ತೊಡಗಿಕೊಳ್ಳುವುದು ಎಂದರೆ ಇದೇ ಇರಬೇಕು. ಶಿಕ್ಷಕರ ತರಬೇತಿಯಲ್ಲಿ ಸಿದ್ಧಾಂತ, ಪ್ರಾತ್ಯಕ್ಷಿಕೆ, ಅಭ್ಯಾಸ ಇವಿಷ್ಟೇ ಸಾಲವು, ಕಲಿತದ್ದು ತರಗತಿಗೆ ಇಳಿಯಲು ಕೋಚಿಂಗ್ ಬೇಕು ಎಂದು ಜಾಯ್ಸ್ ಮತ್ತು ಶವರ್ಸ್ 1980ರ ದಶಕದಲ್ಲೇ ವಾದಿಸಿದ್ದರು. ಗಣಿಯಲ್ಲಿ ದುಡಿದ ನಮ್ಮ ತಾತನೂ ಕೆಲಸ ಕಲಿತದ್ದು ಅನುಭವಸ್ಥರ ಜೊತೆ ಕೆಳಗಿಳಿದೇ.

ಮಿತಿಗಳು ಮತ್ತು ಸಲಹೆಗಳು

ಇದು ಒಬ್ಬಳ, ಒಂದು ತರಗತಿಯ ಅನುಭವ ಮಾತ್ರ. ಮಾರ್ಗದರ್ಶಿ ಶಿಕ್ಷಕರಿಗೆ ತಮ್ಮ ಪಾಠ, ದಾಖಲೆಗಳ ನಡುವೆ ಬಿಡುವು ಕಡಿಮೆ. ವಿಷಯಜ್ಞಾನದ ತಪ್ಪನ್ನು ಪ್ರಶ್ನೆಯಿಂದ ತಿದ್ದಲಾಗದು, ಅಲ್ಲಿ ನೇರವಾಗಿ ಹೇಳಲೇಬೇಕು. ಇನ್ನೊಂದು ತೊಡಕೂ ಇದೆ. ಅಂಕ ಕೊಡುವವರ ಮುಂದೆ ನಾವು ಸೋಲನ್ನು ಮುಚ್ಚಿಡುತ್ತೇವೆ.

ಆದ್ದರಿಂದ ನನ್ನ ಸಲಹೆಗಳು ಇಷ್ಟು:

• ಅಂಕದ ಪಾಠ ಮತ್ತು ಕೋಚಿಂಗ್ ಪಾಠ ಬೇರೆ ಬೇರೆ ಇರಲಿ.
• ಒಂದು ಮಾತುಕತೆಗೆ ಒಂದೇ ಗುರಿ ಇರಲಿ.
• ಮಾರ್ಗದರ್ಶಿಗಳಿಗೆ ಬಿಡುವಿಲ್ಲದ ದಿನ ಸಹಪಾಠಿಯೇ ಈ ನಾಲ್ಕು ಪ್ರಶ್ನೆ ಕೇಳಲಿ.
• ಅವಲೋಕನ ಪಟ್ಟಿಯ ಕೊನೆಗೆ ಒಂದು ಸಾಲು ಸೇರಲಿ: “ನಾಳೆ ನೀವು ಏನನ್ನು ಬದಲಿಸುವಿರಿ?” ಅದನ್ನು ಪ್ರಶಿಕ್ಷಣಾರ್ಥಿಯೇ ತುಂಬಲಿ.