ಭಟ್ಟಿ ಕಟ್ಟುವುದು ಬೇರೆ, ಮುಗಿಸುವುದು ಬೇರೆ

ಬ್ರೆಡ್ಡು ಬೇಯಿಸುವ ಇಟ್ಟಿಗೆಯ ಭಟ್ಟಿ ನಮ್ಮ ಸೀಮೆಗೆ ಹೊಸದಲ್ಲ. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನಲ್ಲಿ ಬಿ.ಬಿ. ಬೇಕರಿ ತೆರೆದರು. ಆಮೇಲೆ ಹಾಸನದ ಕಡೆಯ ಅಯ್ಯಂಗಾರರು ಊರೂರಲ್ಲಿ ಬೇಕರಿ ಇಟ್ಟರು. ಎಷ್ಟೋ ಅಂಗಡಿಗಳ ಹಿಂಬದಿಯಲ್ಲಿ ಬ್ರೆಡ್ಡು, ಬನ್ನು, ಖಾರದ ಬಿಸ್ಕತ್ತು ಬೆಂದದ್ದು ಸೌದೆ ಭಟ್ಟಿಯಲ್ಲೇ. ಮೈಸೂರಿನ ರಾಮಕೃಷ್ಣನಗರದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ನಾನೊಂದು ಚಿಕ್ಕ ಭಟ್ಟಿ ಕಟ್ಟಿಸಿದೆ. ಗುಮ್ಮಟ ಏಳುವುದನ್ನು ಎಲ್ಲರೂ ನಿಂತು ನೋಡುತ್ತಾರೆ. ಆದರೆ ಭಟ್ಟಿ ಬಾಳುವುದು ಅದರ ಕೆಳಗೆ, ಮೇಲೆ ಮತ್ತು ಆಮೇಲೆ ನಡೆಯುವ ಕೆಲಸದಿಂದ ಎಂಬುದು ಕೈಯಾರೆ ಕಲಿತ ಪಾಠ.

ಮೊದಲು ದಿಕ್ಕು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಭಟ್ಟಿಯ ಬಾಯಿ ಅತ್ತ ತಿರುಗಿದ್ದರೆ ಇರಚಲು ನೇರ ಒಳಕ್ಕೆ. ಅದಕ್ಕೇ ಬಾಯಿ ಮೂಡಣಕ್ಕಿಟ್ಟೆವು. ಬಡಾವಣೆಯ ಮನೆಗಳು ಒತ್ತೊತ್ತಾಗಿವೆ. ಹೊಗೆ ಪಕ್ಕದವರ ಕಿಟಕಿಗೆ ಹೋಗಬಾರದು. ಎತ್ತರದ ಚಿಮಣಿ ಬೇಕು, ಅದಕ್ಕಿಂತ ಹೆಚ್ಚಾಗಿ ಚೆನ್ನಾಗಿ ಒಣಗಿದ ಸೌದೆ ಬೇಕು. ಹಸಿ ಸೌದೆಯ ಶಾಖವೆಲ್ಲ ಅದರ ನೀರು ಆರಿಸುವುದಕ್ಕೇ ಹೋಗುತ್ತದೆ, ಉಳಿಯುವುದು ಹೊಗೆ.

ಕಟ್ಟೆಯನ್ನು ಮಾಮೂಲಿ ಇಟ್ಟಿಗೆಯಲ್ಲೇ ಎತ್ತಬಹುದು. ಆದರೆ ಕಾಂಕ್ರೀಟ್ ಹಲಗೆಯ ಮೇಲೆ ನೇರವಾಗಿ ನೆಲಹಾಸು ಕೂರಿಸಿದರೆ ಬಿಸಿಯೆಲ್ಲ ಕೆಳಕ್ಕೆ ಇಳಿದುಹೋಗುತ್ತದೆ. ಅದಕ್ಕೆ ಐದು ಪಾಲು ವರ್ಮಿಕ್ಯುಲೈಟ್‌ಗೆ ಒಂದು ಪಾಲು ಸಿಮೆಂಟ್ ಕಲಸಿ ನಾಲ್ಕು ಇಂಚು ದಪ್ಪ ಹಾಸಿದೆವು. ಅದರ ಮೇಲೆ ಫೈರ್ ಬ್ರಿಕ್ ನೆಲ. ಆ ಇಟ್ಟಿಗೆಗಳ ನಡುವೆ ಗಾರೆ ಹಾಕಲಿಲ್ಲ. ಕಾದಾಗ ಹಿಗ್ಗಲು ಜಾಗ ಬೇಕು, ಮುಂದೆ ಒಂದು ಸೀಳಿದರೆ ಅದೊಂದನ್ನೇ ಬದಲಿಸಲೂಬಹುದು.

ಗುಮ್ಮಟದಲ್ಲಿ ಅಳತೆಯೇ ಮುಖ್ಯ. ಒಳವ್ಯಾಸ 36 ಇಂಚು, ಎತ್ತರ 18. ಬಾಗಿಲ ಎತ್ತರ ಗುಮ್ಮಟದ ಎತ್ತರದ ಸುಮಾರು ಶೇಕಡಾ 63ರಷ್ಟು ಇರಬೇಕೆಂಬುದು ಭಟ್ಟಿ ಕಟ್ಟುವವರ ಲೆಕ್ಕ. ನಮ್ಮದಕ್ಕೆ ಹನ್ನೊಂದು ಇಂಚು ಚಿಲ್ಲರೆ ಬಂತು. ಅದಕ್ಕಿಂತ ಎತ್ತರವಾದರೆ ಬಿಸಿ ಹೊರಗೆ ಸೋರುತ್ತದೆ, ತಗ್ಗಾದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಬರೀ ಸಿಮೆಂಟ್ ಗಾರೆ ಅಷ್ಟು ಕಾವಿಗೆ ಪುಡಿಯಾಗುತ್ತದೆ. ಮೂರು ಪಾಲು ಮರಳಿಗೆ ಸಿಮೆಂಟ್, ಸುಣ್ಣ, ಫೈರ್ ಕ್ಲೇ ಒಂದೊಂದು ಪಾಲು ಸೇರಿಸಿದ ಗಾರೆ ತಡೆಯುತ್ತದೆ. ಗುಮ್ಮಟಕ್ಕೆ ಸೆರಾಮಿಕ್ ಫೈಬರ್ ಹೊದಿಸಿ ಮೇಲೆ ಮತ್ತೆ ವರ್ಮಿಕ್ಯುಲೈಟ್ ಮೆತ್ತಿದೆವು. ಆ ಫೈಬರ್ ಕತ್ತರಿಸುವಾಗ ಮಾಸ್ಕ್, ಕೈಗವಸು ಇಲ್ಲದೆ ಮುಟ್ಟಬಾರದು.

ನಿಜವಾದ ಪರೀಕ್ಷೆ ಇನ್ನು ಮೇಲೆ. ಇಟ್ಟಿಗೆ, ಗಾರೆಗಳಲ್ಲಿ ನೀರು ಅಡಗಿರುತ್ತದೆ. ಮೊದಲ ದಿನವೇ ದೊಡ್ಡ ಉರಿ ಹಾಕಿದರೆ ಆ ನೀರು ಒಳಗೇ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಗೋಡೆಯನ್ನೇ ಸೀಳುತ್ತದೆ. ಕೆಲವು ವಾರ ನೆರಳಿನಲ್ಲಿ ಆರಬೇಕು. ಆಮೇಲೆ ಪುಳ್ಳೆಯ ಸಣ್ಣ ಉರಿ, ನೂರೈವತ್ತು ಡಿಗ್ರಿಯೊಳಗೆ. ದಿನದಿನಕ್ಕೂ ತುಸು ಹೆಚ್ಚು. ಹೊರಗಿನ ಗಿಲಾವು ಇವೆಲ್ಲ ಮುಗಿದ ಮೇಲೇ. ಮೇಲೊಂದು ತಗಡಿನ ಮಾಡು ಕಡ್ಡಾಯ. ಮಳೆಯಲ್ಲಿ ನೆನೆದ ಭಟ್ಟಿ ಒಳಗೊಳಗೇ ನೀರು ಕುಡಿದಿರುತ್ತದೆ, ಅದನ್ನು ಮತ್ತೆ ಮೊದಲಿನಿಂದ ಆರಿಸಬೇಕಾಗುತ್ತದೆ.

ಒಳಗೆ ಕಟ್ಟಿದ ಮಸಿ ಸುಟ್ಟು ಗುಮ್ಮಟ ಬೆಳ್ಳಗಾದರೆ ಕಾವು ಮುನ್ನೂರೈವತ್ತು ಡಿಗ್ರಿ ದಾಟಿತೆಂದು ಅರ್ಥ. ಆ ಉರಿಯಲ್ಲಿ ಈರನಗೆರೆ ಬದನೆ ಸುಟ್ಟು ಗೊಜ್ಜು ಮಾಡುತ್ತೇವೆ. ಕೆಂಡ ಎಳೆದು, ನೆಲ ಒರೆಸಿ, ಕಾವು ಇಳಿಯಲು ಬಿಟ್ಟು ಬ್ರೆಡ್ಡು ಇಡುತ್ತೇವೆ. ಅದಾದ ಮೇಲೂ ಉಳಿದ ಬಿಸಿಯಲ್ಲಿ ರಾತ್ರಿಯಿಡೀ ಹುರುಳಿಕಾಳು ಬೇಯುತ್ತದೆ. ಒಂದು ಹೊರೆ ಸೌದೆಗೆ ಮೂರು ಅಡುಗೆ.

ಕಟ್ಟಿಸಬೇಕೆಂದಿರುವವರಿಗೆ ನನ್ನ ಮಾತು ಇಷ್ಟೇ. ಸಂಕ್ರಾಂತಿ ಕಳೆದ ಕೂಡಲೇ ಕೆಲಸ ಹಿಡಿಯಿರಿ, ಮುಂಗಾರಿಗೆ ಮೊದಲು ಆರಲು ಒಣ ದಿನಗಳು ಸಿಗುತ್ತವೆ. ಹಣ ಕಡಿಮೆಯಿದ್ದರೆ ಭಟ್ಟಿ ಚಿಕ್ಕದಾಗಲಿ, ಹೊರಗಿನ ಟೈಲ್ಸ್ ಬೇಡ. ಬಿಸಿ ತಡೆಯುವ ಪದರಕ್ಕೂ ಆರುವ ದಿನಗಳಿಗೂ ಮಾತ್ರ ಕತ್ತರಿ ಹಾಕಬೇಡಿ.