ಗುಬ್ಬಿ ತೋಟದಪ್ಪನವರು: ಒಬ್ಬ ವರ್ತಕರ ಜೀವಿತದಿಂದ ಪಾಠ



ಹರಪನಹಳ್ಳಿಯ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಕಠಿಣವಾದ ರೋಗ ಬಂದರೆ, ಮನೆಯವರು ಅವರನ್ನು ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುವದುಂಟು. ಆ ಆಸ್ಪತ್ರೆಗೆ ಚಿಗಟೇರಿ ಆಸ್ಪತ್ರೆಯೆಂದು ಹೆಸರು. ಚಿಗಟೇರಿ ಎಂಬದು ಹರಪನಹಳ್ಳಿ ತಾಲ್ಲೂಕಿನ ಒಂದು ಊರು. ರೋಗಿಯನ್ನು ಹೊತ್ತುಕೊಂಡು ಆ ಬಾಗಿಲನ್ನು ದಾಟುವವರು, ಈ ಹೆಸರು ಇಲ್ಲಿಗೆ ಹೇಗೆ ಬಂತೆಂದು ಕೇಳುವದು ಅಪರೂಪ. ಹಾಗೆಯೇ ನಾವು ನೆರಳಲ್ಲಿ ಕೂತುಕೊಳ್ಳುತ್ತೇವೆ, ಮರವನ್ನು ನೆಟ್ಟವನು ಯಾರೆಂದು ವಿಚಾರಿಸುವದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಸಂತೆಗಳಲ್ಲಿ ವರ್ತಕರ ವಿಷಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಸಾಲ ಬೇಕಾದ ದಿವಸ ಅವನು ಸಾಹುಕಾರನು. ಬಡ್ಡಿ ಕೊಡುವ ದಿವಸ ಅವನೇ ಹೊಟ್ಟೆಬಾಕನು. ತಕ್ಕಡಿ ಹಿಡಿದವನು ತನ್ನ ಮನೆಗೂ ನೆರೆಯವರಿಗೂ ಉಪಕಾರಿಯಾಗಿ ಬದುಕಬಹುದೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಇದಕ್ಕಾಗಿ ನಮ್ಮ ಸೀಮೆಯ ಹೊರಗೆ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದ ಗುಬ್ಬಿ ತೋಟದಪ್ಪನವರ ಜೀವಿತವನ್ನು ಆರಿಸಿಕೊಂಡಿದ್ದೇವೆ.

೧. ಜೀವಿತದ ವೃತ್ತಾಂತ

ತೋಟದಪ್ಪನವರು ೧೮೩೮ರಲ್ಲಿ ಹುಟ್ಟಿದರು. ತುಮಕೂರು ಸೀಮೆಯ ಗುಬ್ಬಿಯು ಅವರ ಊರು. ಆದಕಾರಣ ಆ ಹೆಸರು ಅವರ ಹೆಸರಿನ ಮುಂದೆ ಕೊನೆಯ ವರೆಗೂ ನಿಂತಿತು. ಅವರ ಮನೆಯವರು ವ್ಯಾಪಾರದ ನಿಮಿತ್ತ ಬೆಂಗಳೂರಿಗೆ ಬಂದು ನೆಲಸಿದರು. ತೋಟದಪ್ಪನವರು ಅಲ್ಲಿಯ ಮಾಮೂಲುಪೇಟೆಯಲ್ಲಿ ಒಂದು ಚಿಕ್ಕ ಅಂಗಡಿಯನ್ನಿಟ್ಟು, ಕ್ರಮೇಣ ದೊಡ್ಡ ವರ್ತಕರಾದರು. ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸೀಮೆಯನ್ನೂ ಬಳ್ಳಾರಿ ಸೀಮೆಯನ್ನೂ ಹಾಳುಮಾಡಿದ ಮಹಾ ಕ್ಷಾಮವು ಬಂದಾಗ ಅವರಿಗೆ ನಾಲ್ವತ್ತರ ಹತ್ತಿರದ ವಯಸ್ಸು.

ಅವರಿಗೆ ಹಣ ಬಂತು, ಮಕ್ಕಳಾಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಲ್ಲದವರಿಗೆ ಜನರು ಏನೆಲ್ಲಾ ಹೇಳುತ್ತಾರೆಂಬದನ್ನು ವಾಚಕರು ಬಲ್ಲರು. ದುಡಿದದ್ದು ಯಾರಿಗೆ, ಬಾಗಿಲು ತೆರೆಯುವವರು ಯಾರು ಎಂಬ ಮಾತು ಚಿಕ್ಕ ಮುಳ್ಳಲ್ಲ. ಇಂಥಾ ಸ್ಥಿತಿಯಲ್ಲಿ ಕೆಲವರು ಹಣವನ್ನು ಹೂತಿಡುತ್ತಾರೆ, ಕೆಲವರು ಬೇಸರದಿಂದ ಕಳೆದುಬಿಡುತ್ತಾರೆ. ತೋಟದಪ್ಪನವರು ಈ ಎರಡನ್ನೂ ಮಾಡದೆ ಮೂರನೆಯ ದಾರಿಯನ್ನು ಹಿಡಿದರು.

೨. ರೈಲು ನಿಲ್ದಾಣದ ಮುಂದಿನ ಮನೆ

ಆ ಕಾಲವನ್ನು ಮನಸ್ಸಿನ ಮುಂದೆ ತಂದುಕೊಳ್ಳಿರಿ. ಬೆಂಗಳೂರಿನಿಂದ ತುಮಕೂರಿನ ಮೇಲೆ ಹರಿಹರದ ವರೆಗೆ ರೈಲು ಹಾದಿ ೧೮೮೦ರ ದಶಕದಲ್ಲಿ ಬಂದಿತು. ಹರಪನಹಳ್ಳಿಯ ಕಡೆಯವನು ಗಾಡಿ ಕಟ್ಟಿಕೊಂಡು ಹರಿಹರಕ್ಕೆ ಹೋದರೆ ಅಲ್ಲಿಂದ ರೈಲಿನಲ್ಲಿ ಬೆಂಗಳೂರನ್ನು ಸೇರಬಹುದಾಯಿತು. ಆದರೆ ಸೇರಿದ ಮೇಲೆ ಏನು? ಹೊತ್ತು ಮುಳುಗಿದೆ, ಬುತ್ತಿಯ ಗಂಟು ಬರಿದಾಗಿದೆ, ಗುರುತಿನವರಿಲ್ಲ, ಸೊಂಟದಲ್ಲಿ ನಾಲ್ಕು ಕಾಸು ಮಾತ್ರ. ಪರಸ್ಥಳದವನಿಗೆ ಮೊದಲನೆಯ ರಾತ್ರಿಯೇ ಎಲ್ಲಕ್ಕಿಂತ ಕಷ್ಟ.

ತೋಟದಪ್ಪನವರು ೧೮೯೭ರಲ್ಲಿ ರೈಲು ನಿಲ್ದಾಣದ ಹತ್ತಿರವೇ ರೈಲ್ವೆಯವರಿಂದ ಜಾಗವನ್ನು ಕೊಂಡುಕೊಂಡರು. ಮರು ವರುಷವೇ, ಅಂದರೆ ೧೮೯೮ರಲ್ಲಿ, ಬೆಂಗಳೂರಿನಲ್ಲಿ ಪ್ಲೇಗು ಹುಟ್ಟಿ ಜನರು ಮನೆಮಾರುಗಳನ್ನು ಬಿಟ್ಟು ಓಡಿಹೋದರು. ಇಂಥಾ ದಿವಸಗಳು ಬಂದು ಹೋದರೂ ಎಣಿಸಿದ ಕಾರ್ಯವು ನಿಂತುಹೋಗಲಿಲ್ಲ. ೧೯೦೩ನೆಯ ಫೆಬ್ರವರಿ ೧೧ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಬಂದು ಆ ಧರ್ಮಛತ್ರವನ್ನು ತೆರೆದರು. ದಾರಿಗರಿಗೆ ತಂಗಲು ಛತ್ರ, ಓದುವ ಹುಡುಗರಿಗೆ ಉಚಿತವಾದ ವಿದ್ಯಾರ್ಥಿನಿಲಯ, ಈ ಎರಡೂ ಆ ಧರ್ಮದ ಕೆಲಸಗಳಾದವು. ವಿದ್ಯಾರ್ಥಿನಿಲಯವು ಅವರ ಸ್ವಂತ ಜನಾಂಗವಾದ ವೀರಶೈವರ ಮಕ್ಕಳಿಗಾಗಿ ಏರ್ಪಟ್ಟದ್ದು. ತನ್ನ ಮಂದಿಯ ಬಡತನವನ್ನು ಮನುಷ್ಯನು ಮೊದಲು ಕಾಣುವದು ಸಹಜ. ಅಲ್ಲಿಯೇ ನಿಂತುಬಿಡಬೇಕೋ, ಇನ್ನೂ ಮುಂದಕ್ಕೆ ನೋಡಬೇಕೋ ಎಂಬದು ಪ್ರತಿಯೊಂದು ತಲೆಮಾರಿನವರೂ ತಮ್ಮನ್ನು ಕೇಳಿಕೊಳ್ಳತಕ್ಕ ಪ್ರಶ್ನೆ.

೩. ಕೊಟ್ಟದ್ದಕ್ಕಿಂತ ಕೈಬಿಟ್ಟದ್ದು ದೊಡ್ಡದು

ಹಣ ಕೊಡುವವರು ಅನೇಕರುಂಟು. ಕೊಟ್ಟ ಹಣದ ಮೇಲಿನ ಕೈಯನ್ನು ತೆಗೆಯುವವರು ಸ್ವಲ್ಪ ಜನ. ತೋಟದಪ್ಪನವರು ತಮ್ಮ ಆಸ್ತಿಯೆಲ್ಲವನ್ನೂ ಧರ್ಮಕ್ಕೆ ಬರೆದು, ಅದನ್ನು ನಡಿಸುವದಕ್ಕೆ ಒಂದು ಟ್ರಸ್ಟನ್ನು ಏರ್ಪಡಿಸಿ, ಅದರ ಮೊದಲನೆಯ ಅಧ್ಯಕ್ಷರನ್ನಾಗಿ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರನ್ನು ನೇಮಿಸಿದರು. ಇವರು ಸರಕಾರದ ಕೆಲಸದಲ್ಲಿ ಪಳಗಿದ ಅಧಿಕಾರಿಗಳು. ಬೆಂಗಳೂರಿನ ಪುರಭವನಕ್ಕೆ ಇಂದಿಗೂ ಇವರದೇ ಹೆಸರುಂಟು. ತೋಟದಪ್ಪನವರಿಗೆ ೧೯೦೫ರಲ್ಲಿ ರಾವ್ ಬಹದ್ದೂರ್ ಎಂಬ ಬಿರುದೂ ೧೯೧೦ರಲ್ಲಿ ಧರ್ಮಪ್ರವರ್ತ ಎಂಬ ಬಿರುದೂ ದೊರಕಿದವು. ಅದೇ ೧೯೧೦ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಅವರು ಸತ್ತರೂ ಛತ್ರದ ಬಾಗಿಲು ಮುಚ್ಚಲಿಲ್ಲ. ಯಾಕಂದರೆ ಅದು ಒಬ್ಬನ ಉಸಿರಿನ ಮೇಲೆ ನಿಂತಿರದೆ ಬರಹದ ಮೇಲೆಯೂ ಲೆಕ್ಕದ ಮೇಲೆಯೂ ನಿಂತಿತ್ತು. ಹಳೆಯ ಕಟ್ಟಡವನ್ನು ನವೀಕರಿಸಿ ೨೦೦೫ರಲ್ಲಿ ತಿರಿಗಿ ತೆರೆದರು. ಕೊಟ್ಟವರು ಹೋಗಿ ಆಗಲೇ ೯೫ ವರುಷ ಕಳೆದಿದ್ದವು.

ಇಲ್ಲಿ ನಾವು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಬಲ್ಲ ಒಂದು ಹಳ್ಳಿಯಲ್ಲಿ ಬಾವಿಯನ್ನು ಆಳ ಮಾಡಿಸುವದಕ್ಕೆಂದು ಮನೆಮನೆಯಿಂದ ಹಣ ಕೂಡಿಸಿ, ನಂಬಿಗಸ್ತರಾದ ಒಬ್ಬ ಹಿರಿಯರ ಕೈಯಲ್ಲಿ ಇಟ್ಟೆವು. ಅವರು ಒಳ್ಳೆಯವರೆಂದು ನಾವು ಲೆಕ್ಕ ಕೇಳಲಿಲ್ಲ. ಕೇಳಿದರೆ ಅವರಿಗೆ ಅಗೌರವವಾದೀತೆಂದು ಅಂಜಿದೆವು. ಒಂದು ರಾತ್ರಿ ಆ ಹಿರಿಯರು ಅಕಸ್ಮಾತ್ತಾಗಿ ತೀರಿಕೊಂಡರು. ಪೆಟ್ಟಿಗೆಯನ್ನು ತೆರೆದಾಗ ಅದರಲ್ಲಿದ್ದ ಹಣದಲ್ಲಿ ಊರಿನದೆಷ್ಟು, ಮಕ್ಕಳದೆಷ್ಟು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಊರವರು ಒಂದು ಮಾತು ಅಂದರು, ಮಕ್ಕಳು ಎರಡು ಅಂದರು. ಬಾವಿ ಹಾಗೆಯೇ ಉಳಿಯಿತು; ಸತ್ತವರ ಒಳ್ಳೆಯ ಹೆಸರಿಗೆ ಮಸಿ ಹತ್ತಿತು. ಅವರು ಒಂದು ಕಾಸನ್ನೂ ಕದ್ದವರಲ್ಲವೆಂದು ಇಂದಿಗೂ ನಂಬುತ್ತೇವೆ. ಆದರೆ ಆ ನಂಬಿಕೆಗೆ ಸಾಕ್ಷಿಯಾಗಿ ತೋರಿಸಲು ನಮ್ಮಲ್ಲಿ ಒಂದು ಗೆರೆಯ ಬರಹವೂ ಇಲ್ಲ. ಲೆಕ್ಕ ಕೇಳದೆ ಇದ್ದದರಿಂದ ಅವರನ್ನು ಗೌರವಿಸಿದೆವೆಂದು ಎಣಿಸಿದೆವು. ನಿಜವಾಗಿ ಅವರನ್ನು ಕಾಪಾಡದೆ ಹೋದೆವು.

೪. ಮನೆಯೂ ಊರೂ

ಊರಿಗೆ ಕೊಟ್ಟರೆ ಮಕ್ಕಳ ಅನ್ನವನ್ನು ಕಸಿದ ಹಾಗಲ್ಲವೋ ಎಂದು ಕೆಲವರು ಕೇಳಬಹುದು. ಮನೆಯವರನ್ನು ಉಪವಾಸ ಕೆಡವಿ ಹೊರಗೆ ಹೆಸರು ಗಳಿಸುವದನ್ನು ನಾವು ಹೊಗಳುವದಿಲ್ಲ. ಆದರೆ ಮನೆಯ ಪಾಲನ್ನೂ ಊರಿನ ಪಾಲನ್ನೂ ಬೇರೆಬೇರೆಯಾಗಿ ಬರೆದಿಟ್ಟವನು ಎರಡನ್ನೂ ಉಳಿಸುತ್ತಾನೆ. ಬರೆಯದವನ ಮಕ್ಕಳು ಕೋರ್ಟಿನ ಮೆಟ್ಟಲನ್ನು ಸವೆಸುತ್ತಾರೆ. ತೋಟದಪ್ಪನವರಿಗೆ ಮಕ್ಕಳಿರಲಿಲ್ಲವೆಂದು ಹೇಳಿದೆವಷ್ಟೆ. ೧೯೨೭ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದುವದಕ್ಕೆ ಬೆಂಗಳೂರಿಗೆ ಬಂದ ಒಬ್ಬ ಹಳ್ಳಿಯ ಯುವಕನು ಅವರ ವಿದ್ಯಾರ್ಥಿನಿಲಯದಲ್ಲಿ ಇದ್ದುಕೊಂಡು ಓದಿದನು. ತೋಟದಪ್ಪನವರು ಆ ಮುಖವನ್ನು ಕಂಡವರಲ್ಲ. ಅವರು ತೀರಿಕೊಂಡಾಗ ಆ ಹುಡುಗನಿಗೆ ಮೂರು ವರುಷ ಸಹ ತುಂಬಿರಲಿಲ್ಲ. ಆ ಯುವಕನೇ ಮುಂದೆ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾಗಿ, ೨೦೧೯ರಲ್ಲಿ ತೀರಿಕೊಳ್ಳುವ ವರೆಗೂ ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಒದಗಿಸಿದರು. ಒಂದು ಎಲೆಯಲ್ಲಿ ಬಡಿಸಿದ ಅನ್ನವು ಎಷ್ಟು ಎಲೆಗಳಿಗೆ ಹೋಯಿತೆಂದು ಎಣಿಸುವವರು ಯಾರು?

ಪ್ರಿಯರೇ, ನಮ್ಮಲ್ಲಿ ತೋಟದಪ್ಪನವರಷ್ಟು ಹಣವುಳ್ಳವರು ಇಲ್ಲದಿರಬಹುದು. ಆದರೆ ನಮ್ಮಲ್ಲಿ ಕಿರಾಣಿ ಅಂಗಡಿಯವರುಂಟು, ಶೇಂಗಾ ಕೊಂಡು ಮಾರುವವರುಂಟು, ಕುರಿ ವ್ಯಾಪಾರದವರುಂಟು, ನಾಲ್ಕು ಮನೆಯವರು ಕೂಡಿಸಿದ ಹಣವನ್ನು ಇಟ್ಟುಕೊಂಡಿರುವ ತಾಯಂದಿರುಂಟು. ಇವರೆಲ್ಲರೂ ಒಂದು ಚಿಕ್ಕ ಪುಸ್ತಕದಲ್ಲಿ ಬರೆಯಬಹುದಾದಷ್ಟೇ ಲೆಕ್ಕವನ್ನು ಇಡಲಿ. ಅದನ್ನು ಇನ್ನಿಬ್ಬರು ತಿಳಿದಿರಲಿ. ಇದು ಈ ವಾರವೇ ಆಗಬಹುದಾದ ಕೆಲಸ.

ಆಲೋಚಿಸತಕ್ಕ ಪ್ರಶ್ನೆಗಳು

೧. ರೈಲು ನಿಲ್ದಾಣದ ಹತ್ತಿರವೇ ಛತ್ರವನ್ನು ಕಟ್ಟಿಸಿದ್ದರಿಂದ ದಾರಿಗರಿಗೆ ಯಾವ ಕಷ್ಟ ತಪ್ಪಿತು? ನಮ್ಮ ಊರಿಗೆ ಬರುವ ಪರಸ್ಥಳದವರಿಗೆ ಮೊದಲನೆಯ ಕಷ್ಟ ಯಾವದು?

೨. ಒಳ್ಳೆಯವನಿಂದಲೂ ಲೆಕ್ಕವನ್ನು ಕೇಳುವದು ಅವನಿಗೆ ಅಗೌರವವೋ, ಉಪಕಾರವೋ?

೩. ನಾವು ಈ ರಾತ್ರಿ ತೀರಿಕೊಂಡರೆ, ನಮ್ಮ ಪೆಟ್ಟಿಗೆಯಲ್ಲಿರುವದರಲ್ಲಿ ಯಾವದು ಯಾರದೆಂದು ಮನೆಯವರು ನಾಳೆ ಬೆಳಿಗ್ಗೆ ಹೇಳಬಲ್ಲರೋ?