ಮಧುಮೇಹ ಮತ್ತು ಎಲುಬುಗಳ ಆರೋಗ್ಯ

ಮಧುಮೇಹವು ಕಣ್ಣು, ಮೂತ್ರಪಿಂಡ ಹಾಗೂ ಪಾದಗಳಿಗೆ ಹಾನಿಯನ್ನುಂಟುಮಾಡುತ್ತದೆಂಬ ಸಂಗತಿಯು ಇಂದು ಹಳ್ಳಿಯ ಜನರಿಗೂ ತಿಳಿದಿದೆ. ಆದರೆ ಅದೇ ರೋಗವು ಎಲುಬುಗಳನ್ನೂ ದುರ್ಬಲಗೊಳಿಸುತ್ತದೆಂಬುದನ್ನು ಬಲ್ಲವರು ವಿರಳ. ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ತೊರವಿಯನ್ನು ದಾಟಿ ತಿಕೋಟಾದ ಕಡೆಗೆ, ಹಾಗೆಯೇ ಬಬಲೇಶ್ವರದ ಕಡೆಗೆ ಇರುವ ಊರುಗಳಲ್ಲಿ ಬಹುತೇಕ ಜನರ ದುಡಿಮೆಯು ಹೊಲ ಮತ್ತು ದ್ರಾಕ್ಷಿ ತೋಟಗಳಲ್ಲಿಯೇ ನಡೆಯುತ್ತದೆ. ದುಡಿಯುವ ಇಬ್ಬರಲ್ಲಿ ಒಬ್ಬರ ತೊಡೆಯ ಎಲುಬು ಮುರಿದರೆ ಮತ್ತೊಬ್ಬರು ಆರೈಕೆಗೆ ನಿಲ್ಲಬೇಕಾಗುತ್ತದೆ. ಎರಡು ಕೂಲಿಗಳೂ ನಿಲ್ಲುತ್ತವೆ. ಆದುದರಿಂದ ಈ ಪಾಠವನ್ನು ಪತಿಪತ್ನಿಯರಿಬ್ಬರೂ ಕೂಡಿ ಓದಬೇಕು.

ಎಲುಬು ಕಲ್ಲಿನಂತಹ ಜಡವಸ್ತುವಲ್ಲ. ಹಳೆಯ ಭಾಗವು ಕರಗಿ ಹೊಸ ಭಾಗವು ಕಟ್ಟಿಕೊಳ್ಳುವ ಕಾರ್ಯವು ಅದರೊಳಗೆ ಜೀವನಪರ್ಯಂತ ನಡೆದಿರುತ್ತದೆ. ಮನೆಯ ಗೋಡೆಗೆ ಮಣ್ಣಿನೊಡನೆ ಹೊಟ್ಟನ್ನು ಕಲಸುವಂತೆ, ಎಲುಬಿನಲ್ಲಿ ಸುಣ್ಣದ ಅಂಶದೊಡನೆ ಕಾಲಜನ್ ಎಂಬ ಸಸಾರಜನಕದ ಎಳೆಗಳು ಹೆಣೆದುಕೊಂಡಿರುತ್ತವೆ. ಸುಣ್ಣದ ಅಂಶವು ಗಡಸುತನವನ್ನು ಕೊಡುತ್ತದೆ. ಎಳೆಗಳು ಪೆಟ್ಟನ್ನು ತಾಳಿಕೊಳ್ಳುವ ಗುಣವನ್ನು ಕೊಡುತ್ತವೆ.

ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿಯೇ ಬರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಶರೀರದಲ್ಲಿ ಇನ್ಸುಲಿನ್ ಉತ್ಪತ್ತಿಯು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಎಲುಬು ಕಟ್ಟುವ ಜೀವಕೋಶಗಳಿಗೂ ಇನ್ಸುಲಿನ್ ಬೇಕಾದುದರಿಂದ ಇಂಥವರ ಎಲುಬುಗಳು ಸಾಕಷ್ಟು ಬಲಿಯುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಕಂಡುಬರುವುದು ಎರಡನೆಯ ಬಗೆ. ಇದರಲ್ಲಿ ಒಂದು ವಿಚಿತ್ರವಿದೆ. ಎಲುಬಿನ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಎಲುಬು ಸರಿಯಾಗಿಯೇ ಕಾಣುತ್ತದೆ, ಕೆಲವೊಮ್ಮೆ ಇತರರಿಗಿಂತ ದಟ್ಟವಾಗಿಯೂ ಕಾಣುತ್ತದೆ. ಆದರೂ ಸಣ್ಣ ಪೆಟ್ಟಿಗೆ ಮುರಿಯುತ್ತದೆ. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಾಗಿ ಉಳಿದ ಸಕ್ಕರೆಯು ಕಾಲಜನ್ ಎಳೆಗಳಿಗೆ ಅಂಟಿಕೊಂಡು ಅವುಗಳನ್ನು ಬಿರುಸಾಗಿಸುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಹಸಿಯಾದ ಜೋಳದ ದಂಟನ್ನು ಬಗ್ಗಿಸಿದರೆ ಬಾಗುತ್ತದೆ. ಒಣಗಿದ ಕಣಿಕೆಯು ಅಷ್ಟೇ ದಪ್ಪವಿದ್ದರೂ ಫಟ್ಟನೆ ಮುರಿಯುತ್ತದೆ. ಮೇಲಾಗಿ, ಈ ರೋಗದಲ್ಲಿ ಹಳೆಯ ಎಲುಬನ್ನು ತೆಗೆದು ಹೊಸದನ್ನು ಕಟ್ಟುವ ಕಾರ್ಯವೂ ನಿಧಾನವಾಗುವುದರಿಂದ ಮುರಿದ ಎಲುಬು ಕೂಡಿಕೊಳ್ಳಲು ಹೆಚ್ಚು ಕಾಲ ಹಿಡಿಯುತ್ತದೆ.

ಎಲುಬು ಎಷ್ಟೇ ದುರ್ಬಲವಿದ್ದರೂ ಬೀಳದಿದ್ದರೆ ಅಪಾಯ ಕಡಿಮೆ. ಮಧುಮೇಹಿಗಳು ಬೀಳುವುದೇ ಹೆಚ್ಚು ಎಂಬುದು ದುರ್ದೈವ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆಂದು ಎದ್ದು ಕತ್ತಲಲ್ಲಿ ಹಿತ್ತಲಿಗೆ ಹೋಗುವುದು, ಮಂಜಾದ ದೃಷ್ಟಿ, ಜೋಮು ಹಿಡಿದು ನೆಲದ ಅರಿವನ್ನೇ ಕಳೆದುಕೊಂಡ ಅಂಗಾಲು, ಇವೆಲ್ಲ ಕಾರಣಗಳು. ಬೆಳಗಿನ ಮಾತ್ರೆ ನುಂಗಿ ಹೊಲಕ್ಕೆ ಹೋಗಿ, ಬುತ್ತಿ ಬಿಚ್ಚುವ ಹೊತ್ತು ತಪ್ಪಿದರೆ ಸಕ್ಕರೆ ಥಟ್ಟನೆ ಇಳಿದು, ಬೆವರು ಬಂದು, ಕಣ್ಣು ಕತ್ತಲೆಗೂಡಿ ಬೀಳುವವರೂ ಇದ್ದಾರೆ. ಶ್ರಾವಣದ ಉಪವಾಸಗಳಲ್ಲಿಯೂ ಇದೇ ಅಪಾಯವುಂಟು. ಉಪವಾಸ ಮಾಡಲೇಬೇಕೆನ್ನುವವರು ಮೊದಲು ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣವನ್ನು ಬದಲಿಸಿಕೊಳ್ಳಬೇಕು. ಹಿತ್ತಲಿಗೆ ಒಂದು ದೀಪವನ್ನು ಹಾಕಿಸುವ ಖರ್ಚು ಶಸ್ತ್ರಚಿಕಿತ್ಸೆಯ ಖರ್ಚಿನ ಮುಂದೆ ಏನೇನೂ ಅಲ್ಲ.

ಸ್ತ್ರೀಯರ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಮುಟ್ಟು ನಿಂತ ಮೇಲೆ ಎಲುಬಿನ ಸುಣ್ಣದ ಅಂಶವು ಬೇಗನೆ ಸವೆಯುತ್ತದೆ. ಬಿಳಿಮುಟ್ಟು, ಸೊಂಟನೋವು ಎಂಬ ಕಾರಣಕ್ಕೆ ಮೂವತ್ತೈದಕ್ಕೇ ಗರ್ಭಕೋಶವನ್ನೂ ಅದರೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡರೆ ಈ ಸವೆತವು ಹತ್ತು ಹದಿನೈದು ವರ್ಷ ಮೊದಲೇ ಆರಂಭವಾಗುತ್ತದೆ. ಔಷಧಿಯಿಂದ ಗುಣವಾಗುವ ತೊಂದರೆಗೆ ಶಸ್ತ್ರಚಿಕಿತ್ಸೆ ಬೇಡವೆಂದು ಪತಿಯೂ ಹೇಳಬೇಕು, ಅತ್ತೆಯವರೂ ಹೇಳಬೇಕು.

ಮಕ್ಕಳ ನಡುವೆ ಅಂತರವನ್ನು ಕಾಯ್ದುಕೊಳ್ಳಲು ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಒಳ್ಳೆಯ ಸಾಧನವೇ. ಅದನ್ನು ಪಡೆಯುತ್ತಿರುವಾಗ ಎಲುಬಿನ ಸಾಂದ್ರತೆಯು ಸ್ವಲ್ಪ ಇಳಿದು, ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಆರೋಗ್ಯವಂತ ಸ್ತ್ರೀಯರು ಇದಕ್ಕೆ ಅಂಜಬೇಕಾಗಿಲ್ಲ. ಆದರೆ ಬಹುಕಾಲದಿಂದ ಮಧುಮೇಹವಿದ್ದು ಕಣ್ಣು, ಮೂತ್ರಪಿಂಡ ಅಥವಾ ನರಗಳಿಗೆ ತೊಂದರೆ ತಟ್ಟಿರುವವರಿಗೆ ಕಾಪರ್-ಟಿ ಹೆಚ್ಚು ಯೋಗ್ಯವಾದುದು. ಆಯ್ಕೆಯ ಮೊದಲು ದಂಪತಿಗಳು ತಮ್ಮ ರೋಗದ ವಿಷಯವನ್ನು ಆರೋಗ್ಯ ಸಹಾಯಕಿಯರಿಗೆ ಮರೆಯದೆ ತಿಳಿಸಬೇಕು. ಗರ್ಭಿಣಿಯರಿಗೆ ಮೊದಲ ಭೇಟಿಯಲ್ಲಿ, ಆಮೇಲೆ 24ರಿಂದ 28ನೆಯ ವಾರದೊಳಗೆ ಸಕ್ಕರೆಯ ಪರೀಕ್ಷೆ ಆಗಬೇಕು. ನಾಲ್ಕನೆಯ ತಿಂಗಳಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ ಆರು ತಿಂಗಳು ಮುಂದುವರಿಸಬೇಕು. ಕಬ್ಬಿಣದ ಮಾತ್ರೆಯೊಡನೆ ಒಂದೇ ಹೊತ್ತಿಗೆ ನುಂಗಬಾರದು.

ಇನ್ನು ಆಹಾರ. ವಯಸ್ಕರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಸುಣ್ಣದ ಅಂಶ ಬೇಕು. ಮುಟ್ಟು ನಿಂತವರಿಗೆ 1,200. ನಮ್ಮ ಜೋಳದ ರೊಟ್ಟಿ ಉತ್ತಮ ಆಹಾರವಾದರೂ 100 ಗ್ರಾಂ ಜೋಳದಲ್ಲಿ ಸುಣ್ಣದ ಅಂಶವು 30 ಮಿಲಿಗ್ರಾಂಗಿಂತಲೂ ಕಡಿಮೆ. ಕೊರತೆಯನ್ನು ತುಂಬುವುದು ರೊಟ್ಟಿಯ ಜೊತೆಗಿನ ಪದಾರ್ಥ: ಮೊಸರು, ಮಜ್ಜಿಗೆ, ನುಗ್ಗೆ ಸೊಪ್ಪು, ರಾಜಗಿರಿ ಸೊಪ್ಪು, ಗುರೆಳ್ಳಿನ ಚಟ್ನಿ. 100 ಗ್ರಾಂ ಎಳ್ಳಿನಲ್ಲಿ 1,000 ಮಿಲಿಗ್ರಾಂಗೂ ಮಿಕ್ಕಿ ಇದೆ. ಎಳ್ಳ ಅಮಾವಾಸ್ಯೆಗೆ ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚುವ ನಾವು, ವರ್ಷದ ಉಳಿದ ದಿನಗಳಲ್ಲಿ ಅದನ್ನೇಕೆ ಮರೆಯುತ್ತೇವೆಯೋ ತಿಳಿಯದು. ತಿಕೋಟಾದ ಒಣದ್ರಾಕ್ಷಿಯು ಶಕ್ತಿವರ್ಧಕವೆಂದು ಮುಷ್ಟಿಗಟ್ಟಲೆ ತಿನ್ನುವ ಮಧುಮೇಹಿಗಳುಂಟು. ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸಕ್ಕರೆಯೇ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಮಾತ್ರೆ ಕೊಂಡು ನುಂಗಬಾರದು.

ಮಧುಮೇಹದ ಔಷಧಿಗಳಲ್ಲಿ ಮೆಟ್‌ಫಾರ್ಮಿನ್ ಎಲುಬಿಗೆ ಕೇಡು ಮಾಡುವುದಿಲ್ಲ. ಪಯೋಗ್ಲಿಟಜೋನ್ ಎಂಬುದು ವಿಶೇಷವಾಗಿ ಸ್ತ್ರೀಯರಲ್ಲಿ ಎಲುಬು ಮುರಿಯುವ ಸಂಭವವನ್ನು ಹೆಚ್ಚಿಸುತ್ತದೆ. ಅದನ್ನು ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸದೆ ವೈದ್ಯರಲ್ಲಿ ವಿಚಾರಿಸಬೇಕು.

ಪೆಟ್ಟು ಬಿದ್ದಾಗ ಮೊದಲು ಎಲುಬು ಕೂಡಿಸುವವರ ಬಳಿಗೆ ಹೋಗುವ ರೂಢಿ ನಮ್ಮ ಭಾಗದಲ್ಲಿದೆ. ಮಧುಮೇಹಿಗೆ ಬಿದಿರಿನ ಪಟ್ಟಿಯನ್ನು ಬಿಗಿದು ಕಟ್ಟಿದರೆ, ಜೋಮು ಹಿಡಿದ ಕಾಲಿಗೆ ಆ ಬಿಗಿತವೇ ತಿಳಿಯದೆ, ರಕ್ತಸಂಚಾರ ನಿಂತು ಕಾಲು ಕೊಳೆಯಬಹುದು. ಇನ್ನೊಂದು ಸ್ಥಿತಿ ಇದಕ್ಕಿಂತಲೂ ಮೋಸದ್ದು. ಪಾದ ಅಥವಾ ಹರಡು ಊದಿಕೊಂಡು, ಕೆಂಪಾಗಿ, ಇನ್ನೊಂದು ಕಾಲಿಗಿಂತ ಬಿಸಿಯಾಗಿರುತ್ತದೆ. ನೋವು ಮಾತ್ರ ಅಷ್ಟಾಗಿ ಇರುವುದಿಲ್ಲ. ಉಳುಕೆಂದು ತಿಳಿದು ಎಣ್ಣೆ ತಿಕ್ಕಿಸಿಕೊಂಡು ನಡೆಯುತ್ತಲೇ ಇದ್ದರೆ ಒಳಗಿನ ಸಣ್ಣ ಎಲುಬುಗಳು ಒಂದೊಂದಾಗಿ ಮುರಿದು ಪಾದದ ಆಕಾರವೇ ಕೆಡುತ್ತದೆ. ಫ್ರಾನ್ಸ್ ದೇಶದ ವೈದ್ಯರೊಬ್ಬರ ಹೆಸರಿನಿಂದ ಇದನ್ನು ಶಾರ್ಕೋ ಪಾದವೆಂದು ಕರೆಯುತ್ತಾರೆ. ಹೀಗೆ ಕಂಡೊಡನೆ ಆ ಕಾಲಿನ ಮೇಲೆ ಭಾರ ಹಾಕದೆ, ರೋಗಿಯನ್ನು ವಾಹನದಲ್ಲಿ ಕೂಡಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಅದೇ ದಿನ ಕರೆತರಬೇಕು. ಬರುವಾಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಯಲ್ಲಿ ತರಬೇಕು.